ಹರದ ಸ್ಪೀಕರಿನ ದನಿ

ನಮ್ಮ ಕಡಿ ಸೌಂಡ್ ಸಿಸ್ಟಮ್ ಇಟ್ಟವಗ ನೀವು ಏನ ಬೈದ್ರೂ ಅಂವ ನಕ್ಕೋತ ವಾಯರ್ ಸುತ್ತಿ ಗಾಡ್ಯಾಗ ಹಾಕ್ತಾನ. ಆದ್ರ “ನಿನ್ನ ಸ್ಪೀಕರ್ ಹರದಾವ” ಅಂದ್ರ ಮುಗೀತು, ಅವನ ಇಜ್ಜತ್ ಹೋತು. ಸ್ಪೀಕರಿನ ಒಳಗಿನ ಕಾಗದ ಹರದ್ರ ದನಿ ಬರ್ರ್ ಅಂತ ಒಡದು ಬರ್ತದ. ಅದು ಒಮ್ಮೆ ಮದಿವ್ಯಾಗ ಮಂದಿ ಕಿವಿಗೆ ಬಿತ್ತಂದ್ರ ಮುಂದಿನ ಮದಿವಿ ಅವಗ ಸಿಗೂದಿಲ್ಲ. ಆಳಂದದಾಗ ಒಬ್ಬಾಂವ ಹಿಂಗ ಹೆಸರ ಕೆಟ್ಟು, ಇದ್ದದ್ದೆಲ್ಲಾ ಮಾರಿ ಪುಣೆಕ ದುಡ್ಯಾಕ ಹೋದ. ಇದನ್ನ ಮೊದಲ ಯಾಕ ಹೇಳಾಕತ್ತೇನಿ ಅಂದ್ರ, ನನಗ ಆದ ಧೋಕಾ ಹುಟ್ಟಿದ್ದ ಇದರಾಗಿಂದ. ಆಗ ನನಗದು ಹೊಳೀಲಿಲ್ಲ. ಈಗ ಹೊಳದದ, ಆದ್ರ ಸಿಟ್ಟೇನ ಇಳದಿಲ್ಲ.

ನಾ ಆಳಂದದಾಗ ಮೋಟಾರ್ ಸುತ್ತಾಂವ. ಹೊಲದ ಬೋರಿನ ಮೋಟಾರ್ ಸುಟ್ಟು ಬಂದ್ರ ಒಳಗಿನ ತಾಮ್ರದ ತಂತಿ ಬಿಚ್ಚಿ, ಹೊಸಾದು ಸುತ್ತಿ ಕೊಡೂದು ನನ್ನ ಕಸಬು. ಅದರ ಜೋಡಿ ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ಮದಿವಿ, ಹಳದಿ, ನಾಮಕರಣ, ಏಪ್ರಿಲ್ ಬಂತಂದ್ರ ಊರೂರಿಗೆ ಜಯಂತಿ ಕಾರ್ಯಕ್ರಮ. ನನ್ನ ಹೆಂಡ್ತಿ ಹಾಡ್ತಾಳ. ಸಣ್ಣಾಕಿದ್ದಾಗಿಂದ ಬೌದ್ಧ ವಿಹಾರದಾಗ ವಂದನಾ ಹೇಳಿ ಹೇಳಿ ಪಳಗಿದ ದನಿ ಆಕೀದು, ಮೈಕ್ ಇಲ್ಲದನೂ ಕೊನೀ ಸಾಲಿಗೆ ಮುಟ್ಟತದ. ನಾ ಗಿಟಾರ್. ಒಬ್ಬ ಕೀಬೋರ್ಡಿನವ, ಒಬ್ಬ ಢೋಲಕಿನವ. ಸೌಂಡಿಗೆ ನನ್ನ ದೋಸ್ತ. ಸಾಲ್ಯಾಗ ಒಂದ ಬೆಂಚಿನ ಮ್ಯಾಲ ಕೂತಾಂವ, ನನ್ನ ಮದಿವ್ಯಾಗ ಪುಕ್ಕಟ್ ಸೌಂಡ್ ಹಚ್ಚಿದಾಂವ, ನನ್ನ ಹೆಂಡ್ತಿಗೆ ‘ವೈನಿ’ ಅನ್ನಾಂವ. ಅವನ ಮ್ಯಾಲ ನನಗ ಎಷ್ಟ ಭರೋಸಾ ಇತ್ತು ಅಂದ್ರ, ನನ್ನ ದುಕಾನಿನ ಕೀಲಿ ಒಂದು ಅವನ ಕಡೇ ಇರ್ತಿತ್ತು.

ಆರ್ಕೆಸ್ಟ್ರಾದಾಗ ಗಿಟಾರಿನ ಹಣೇಬರಹ ಏನಂತ ಹೇಳ್ಲಿ! ಫೋಟೋದಾಗ ಎಲ್ಲಾರಿಗೂ ಗಿಟಾರ್ ಬೇಕು, ಕಿವ್ಯಾಗ ಯಾರಿಗೂ ಬ್ಯಾಡ. ಢೋಲಕ್ ಶುರುವಾತಂದ್ರ ನನ್ನ ಟಿಣ್ ಟಿಣ್ ಎಲ್ಲಿ ಹೋಗ್ತದೋ ಗೊತ್ತಾಗ್ತಿದ್ದಿಲ್ಲ. ಮೊಬೈಲಿನ್ಯಾಗ ದೊಡ್ಡ ದೊಡ್ಡವರು ಬಾರಿಸೂದು ಕೇಳ್ತಿದ್ದೆ. ಅವರ ಗಿಟಾರ್ ಅಳ್ತದ, ಒದರ್ತದ, ಒಂದ ಸ್ವರ ಹಿಡದ್ರ ಎಳದಷ್ಟು ಎಳೀತದ. ಅದಕ್ಕ ಕಾಲಾಗ ಒತ್ತೂ ಒಂದ ಡಬ್ಬಿ ಇರ್ತದ, ಓವರ್‌ಡ್ರೈವ್ ಅಂತಾರ. ಗಿಟಾರಿನ ಸಣ್ಣ ದನಿ ಒಳಗ ಬಂತಂದ್ರ ಅದನ್ನ ಮಿತಿ ಮೀರಿ ಹಿಗ್ಗಿಸಿ, ಮ್ಯಾಲಿನ ತುದಿ ಕತ್ತರಿಸಿ ಬಿಡ್ತದ. ಆವಾಗ ದನಿ ದಪ್ಪಾಗಿ, ಗಂಟಲ ಬಿಚ್ಚಿ ಕೂಗಿದಂಗ ಬರ್ತದ. ನನಗ ಅದು ಬೇಕಿತ್ತು. ಒಂದ ದಿನಾದ್ರೂ ಮಂದಿ “ಆ ಗಿಟಾರ್ ಯಾವಾಂದೋ?” ಅಂತ ಕತ್ತ ಎತ್ತಿ ನೋಡ್ಬೇಕು ಅನ್ನೂದೊಂದ ಆಸೆ. ಅದಕ್ಕಿಂತ ಜಾಸ್ತಿ ಏನೂ ಕೇಳಿದ್ದಿಲ್ಲ ನಾ.

ತಯಾರಾದದ್ದು ತರಿಸಬಹುದಿತ್ತು. ಆದ್ರ ದಿನಾ ತಂತಿ ಜೋಡಿ ಜೀವ ತೇಯಾಂವ ನಾ, ಇಷ್ಟ ಸಣ್ಣ ಡಬ್ಬಿ ಮತ್ತೊಬ್ರ ಮಾಡಿದ್ದು ಯಾಕ ತರ್ಲಿ? ನಕ್ಷೆ ಮೊಬೈಲಿನ್ಯಾಗ ಸಿಕ್ತು. ಒಂದ ಐಸಿ ಚಿಪ್, ಒಂದಿಷ್ಟು ಬಿಡಿ ಸಾಮಾನು, ಕಾಲಿನ ಸ್ವಿಚ್ಚು, ಎಲ್ಲಾ ಆನ್‌ಲೈನ್ ತರಿಸಿದೆ. ಡಬ್ಬಿ ಮಾತ್ರ ನಮ್ಮದು. ಗ್ವಾಡ್ಯಾಗ ಸ್ವಿಚ್ ಬೋರ್ಡ್ ಕೂಡಸಾಕ ಹುಗೀತಾರಲ್ಲ, ಆ ತಗಡಿನ ಡಬ್ಬಿ. ಅದಕ್ಕ ತೂತ ಹೊಡದು, ದನಿ ಹೆಚ್ಚು ಕಡಿಮಿ ಮಾಡೂ ಗುಬ್ಬಿ ಕೂಡಿಸಿ, ಮೋಟಾರಿಗೆ ಹಚ್ಚೂ ವಾರ್ನಿಶ್ ಹಚ್ಚಿದೆ. ಒಣಗಿದ ಮ್ಯಾಲ ಅದು ಬೆಲ್ಲದ ಬಣ್ಣಕ್ಕ ತಿರುಗ್ತು.

ತಕರಾರು ಬಂದದ್ದು ಡಯೋಡಿನ್ಯಾಗ. ದನಿಯ ತುದಿ ಕತ್ತರಸೂ ಕೆಲಸ ಅವುಗಳದ್ದ. ಬಜಾರದಾಗ ಸಿಗೂ ಮಾಮೂಲಿ ಡಯೋಡ್ ಹಾಕಿ ನೋಡಿದೆ, ಕೊಡದಾಗ ಹರಳ ಹಾಕಿ ಅಲ್ಲಾಡಿಸಿದಂಗ ಬಂತು. ಹಳೇ ರೇಡಿಯೋದಾಗ ಗಾಜಿನ ಡಯೋಡ್ ಇರ್ತಾವ, ಅವು ದನಿಯನ್ನ ಮೆತ್ತಗ ಕತ್ತರಸ್ತಾವ ಅಂತ ಎಲ್ಲೋ ಓದಿದೆ. ನಮ್ಮ ಮನ್ಯಾಗ ಹಳೇ ರೇಡಿಯೋ ಒಂದ ಇತ್ತು. ಹೆಂಡ್ತಿಯ ಅಪ್ಪಂದು. ಅವರು ತೀರಿಕೊಂಡ ಮ್ಯಾಲ ಆಕಿ ಅದನ್ನ ತವರಿಂದ ಸೀರಿ ಸುತ್ತಿ ತಂದು ಗ್ವಾಡಿ ಮಾಡದಾಗ ಇಟ್ಟಿದ್ಳು. ಅದು ಹಾಡ್ತಿದ್ದಿಲ್ಲ, ಆದ್ರ ವಾರಕ್ಕೊಮ್ಮೆ ಧೂಳ ಒರಸಾಕಿ.

ಕೇಳಿದೆ. ಆಕಿ ಎದ್ದು ಒಳಗ ಹೋಗಿಬಿಟ್ಳು. ಮರುದಿನ ದುಕಾನಿಗೆ ಬುತ್ತಿ ತಂದ್ಳಲ್ಲ, ಬುತ್ತಿ ಜೋಡಿ ಆ ರೇಡಿಯೋನೂ ತಂದು ನನ್ನ ಟೇಬಲ್ ಮ್ಯಾಲ ಇಟ್ಳು.

“ಇದರಾಗಂತೂ ಹಾಡಿಲ್ಲ. ನಿಮ್ಮದರಾಗರ ಹಾಡ್ಲಿ,” ಅಂದ್ಳು.

ನನ್ನ ಕಣ್ಣಾಗ ನೀರ ಬಂತು, ಸುಳ್ಳ ಯಾಕ ಹೇಳ್ಲಿ. ಆಕಿ ಕುಂತ ಎದುರಿಗೇ ರೇಡಿಯೋ ಬಿಚ್ಚಿದೆ. ಗಾಜಿನ ಡಯೋಡ್ ಜ್ವಾಳದ ಕಾಳಿನಷ್ಟ ಇದ್ದವು. ಕಾಸಿದ್ರ ಕೆಡ್ತಾವ ಅಂತ ಉಸಿರ ಹಿಡದು ಬಿಡಿಸಿದೆ.

ದುಕಾನಿನ ಸಣ್ಣ ಸ್ಪೀಕರಿಗೆ ಮೊದಲ ಸಲ ಹಚ್ಚಿದಾಗ ಡಬ್ಬಿಯಿಂದ ಗುಂಯ್ ಅನ್ನೂದೊಂದ ಬಿಟ್ರ ಏನೂ ಬರ್ಲಿಲ್ಲ. ನನ್ನ ದುಕಾನಿನ ಬಾಜೂಕ ಹಿಟ್ಟಿನ ಗಿರಣಿ. ಗಿರಣಿ ಶುರುವಾದ್ರ ಡಬ್ಬಿ ಗುಂಯ್ ಅಂತಿತ್ತು, ಗಿರಣಿ ನಿಂತ್ರ ಸುಮ್ಮನಾಗ್ತಿತ್ತು. ಥೂ ಇದರ, ಗಿಟಾರ್ ಬಿಟ್ಟು ಗಿರಣಿ ಬಾರಸ್ತದಲ್ಲ ಅಂತ ತಲಿ ಕೆಟ್ಟೋತು. ಡಬ್ಬಿ ಮ್ಯಾಲ ಕೈ ಇಟ್ರ ಸಪ್ಪಳ ಇಳೀತಿತ್ತು. ಆವಾಗ ಹೊಳೀತು, ತಗಡಿಗೆ ಅರ್ತ್ ಕೊಡೂದ ಮರತೀನಿ. ಊರ ಮಂದಿ ಮೋಟಾರಿಗೆಲ್ಲಾ ಅರ್ತ್ ಕೊಡ್ರಿ ಅಂತ ಒದರಾಂವ ನಾ! ಒಂದ ತಂತಿ ಬೆಸದೆ, ಗಿರಣಿ ಸಪ್ಪಳ ಹೋತು. ಗಿಟಾರ್ ಎಳದೆ.

ಏನ ಹೇಳ್ಲಿ. ಆ ದನಿ ಬಂತು. ಗಿರಣಿಗೆ ಬಂದ ಹೆಣ್ಮಕ್ಕಳು ಡಬ್ಬ ಕೆಳಗಿಟ್ಟು ಬಂದು ಬಾಗಲಾಗ ನಿಂತ್ರು. ಹೆಂಡ್ತಿ ಬುತ್ತಿ ಡಬ್ಬಿ ತೊಳ್ಯಾಕತ್ತಾಕಿ ಹಂಗ ಓಡಿ ಬಂದ್ಳು.

“ಇದು ನಿಮ್ಮ ಗಿಟಾರೇನ್ರಿ?”

“ನಂದ, ನೋಡಬೇ!”

ದೋಸ್ತಗ ಫೋನ್ ಹಚ್ಚಿ ಕರಸಿದೆ. ಅಂವ ಗಾಡಿ ಸ್ಟ್ಯಾಂಡ್ ಹಚ್ಚದನ ಒಳಗ ಬಂದ, ಕಿವಿ ಕೊಟ್ಟು ಕೇಳಿದ, ಸೌಂಡಿನವರು ಕೇಳೂ ಹಂಗ ಸ್ಪೀಕರಿಗೆ ತಲಿ ಹಚ್ಚಿ ಕೇಳಿದ. ಆಮ್ಯಾಲ, “ಸ್ಪೀಕರ್ ಹರದಂಗ ಕೇಳ್ತದಲ್ಲಲೇ!” ಅಂದ. ಎಲ್ಲಾರೂ ನಕ್ರು. ನಾನ ಎಲ್ಲಾರಿಗಿಂತ ಜೋರ್ ನಕ್ಕೆ.

ಆ ಡಬ್ಬಿ ತಗೊಂಡು ಮೊದಲ ಹೋಗಿದ್ದು ಅಫಜಲಪುರದ ಒಂದ ಮದಿವಿಗೆ. ಸ್ಟೇಜಿನ ಮ್ಯಾಲ ನಮ್ಮ ಕಾಲ ಮುಂದ ಒಂದ ಸಣ್ಣ ಸ್ಪೀಕರ್ ಇರ್ತದ, ಬಾರಸೂದು ನಮಗ ಕೇಳ್ಲಿ ಅಂತ. ಅದಕ್ಕ ಮಾನಿಟರ್ ಅಂತಾರ. ಮಂದಿ ಕಡಿ ಮಾರಿ ಮಾಡಿದ ದೊಡ್ಡ ಸ್ಪೀಕರ್ ಬ್ಯಾರೆ. ಯಾವುದಕ್ಕ ಎಷ್ಟ ದನಿ ಬಿಡ್ಬೇಕು ಅನ್ನೂದು ಪೂರಾ ಮಿಕ್ಸರ್ ಮುಂದ ಕೂತವನ ಕೈಯಾಗ. ಹಿಂದ ನಿಂತ ನಮಗ ದೊಡ್ಡ ಸ್ಪೀಕರಿಂದು ಗುಮ್ ಗುಮ್ ಅಂತ ಕೇಳ್ತದ ಅಷ್ಟ, ಅದರಾಗ ಯಾವುದು ಏನು ಅಂತ ಬಿಡಿಸಿ ತಿಳಿಯೂದಿಲ್ಲ. ಕಾರ್ಯಕ್ರಮಕ್ಕಿಂತ ಮೊದಲ ಸೌಂಡ್ ಚೆಕ್ ಮಾಡ್ತಿದ್ದಿವಿ. ನಾ ಹೋದ ಕೂಡ್ಲೆ ಒಮ್ಮೆ ಒತ್ತಿ ನೋಡಿದ್ದೆ, ಚೆಕ್ಕಿನ್ಯಾಗ ಮತ್ತ ಡಬ್ಬಿ ಹಚ್ಚಾಕ ಹೋದ್ರ ದೋಸ್ತ, “ಈಗ ಬ್ಯಾಡಲೇ, ಬ್ಯಾಟರಿ ಉಳಿಸು. ಹಾಡ ಬಂದಾಗ ಹಚ್ಚು,” ಅಂದ. ನೋಡ್ರಿ, ನನ್ನ ಡಬ್ಬಿ ಬ್ಯಾಟರಿ ಕಾಳಜಿನೂ ಇವಗ ಅದ ಅಂತ ನಾ ಖುಷಿಪಟ್ಟೆ.

ಹಾಡ ಬಂತು, ಡಬ್ಬಿ ಒತ್ತಿದೆ, ಕೆಂಪ ಲೈಟ್ ಹತ್ತಿತು. ಮಾನಿಟರಿನಿಂದ ನನ್ನ ಗಿಟಾರ್ ಸಿಡದು ಬಂತು. ಮಂದಿ ಕುಣ್ಯಾಕತ್ರು. ನಾ ಕಣ್ಣ ಮುಚ್ಚಿ ಬಾರಿಸಿದೆ. ಆ ಮಂದಿ ಕುಣ್ಯಾಕತ್ತಿದ್ದು ನನ್ನ ದನಿಗೆ ಅಂತ ತಿಳಕೊಂಡು ಬಾರಿಸಿದೆ.

ತಿರುಗಿ ಬರೂ ಮುಂದ ಸೊನ್ನದ ಬ್ಯಾರೇಜಿನ ಹತ್ರ ಗಾಡಿ ನಿಂದ್ರಿಸಿದಿವಿ. ಬೆಳಕ ಹರದಿತ್ತು, ಭೀಮಾ ನದಿ ತುಂಬಿತ್ತು. ಚಾ ಕುಡ್ಯಾಕತ್ತಾಗ ದೋಸ್ತ ನನ್ನ ಹೆಗಲ ಮ್ಯಾಲ ಕೈ ಹಾಕಿ, “ಇವತ್ತ ನಿನ್ನ ಡಬ್ಬಿ ಮಸ್ತ ಬಂತು ಬಿಡು,” ಅಂದ. ಹೆಂಡ್ತಿ ನೀರ ನೋಡ್ಕೋತ ನಿಂತಿದ್ಳು. “ನೀ ಏನಂತಿ?” ಅಂತ ಕೇಳಿದೆ. “ಛಲೋ ಬಂತ್ರಿ,” ಅಂದ್ಳು. ಅವತ್ತಿನ ಚಾದ ರುಚಿ ನನಗಿನ್ನೂ ನೆನಪದ.

ಆ ಹಂಗಾಮು ಪೂರಾ ಹಂಗ ನಡೀತು. ಊರ ಬಿಟ್ಟು ಊರಿಗೆ ಹೋದಿವಿ, ನಾ ಡಬ್ಬಿ ಒತ್ತಿದೆ, ಕೆಂಪ ಲೈಟ್ ಹತ್ತಿತು, ಮಂದಿ ಕುಣದ್ರು. ಮನಿಗೆ ಬಂದು ಕೇಳಿದ್ರ ಆಕೀದು ಅದ ಮಾತು, “ಛಲೋ ಬಂತ್ರಿ.” ಹೊಸ ಹೊಸ ತಾನ ಕಲಿತೆ. ತಂತಿ ಎಳದು ಎಳದು ಬೆರಳಿನ ತುದಿ ಗಟ್ಟಿಯಾತು. ಹಿಂಗ ಇದ್ದಾಗ ಭೂಸನೂರಿಗೆ ಹೋದಿವಿ.

ಭೂಸನೂರದಾಗ ಕಬ್ಬಿನ ಹಂಗಾಮು, ರಸ್ತೆ ತುಂಬ ಟ್ರ್ಯಾಕ್ಟರು. ಹಳದಿ ಕಾರ್ಯಕ್ರಮ, ಸಂಜಿ ಹೊತ್ತು. ಹೆಂಡ್ತಿ ಒಂದ ಕುಣಿಯೂ ಹಾಡ ಎತ್ತಿದ್ಳು. ಹಾಡಿನ ನಡುವ ಕರೆಂಟ್ ಹೋತು. ಜನರೇಟರ್ ಹಚ್ಚೂ ತನಕ ಆಕಿ ಯಾವಾಗಲೂ ಹೇಳೂ ಮಾತು ಹೇಳಿದ್ಳು. ಮೈಕ್ ಬಂದ್ ಆಗಿತ್ತು, ಆದ್ರ ಆಕಿ ದನಿಗೆ ಮೈಕ್ ಏನ ಬೇಕು, “ಸಣ್ಣ ತಾಂತ್ರಿಕ ದೋಷ ಅದ, ಎಲ್ಲಾರೂ ಕ್ಷಮಿಸ್ಬೇಕು.” ಮಂದಿ ನಕ್ರು. ಪ್ರತಿ ಊರಾಗೂ ಏನರ ಒಂದ ಕೈ ಕೊಡ್ತಿತ್ತು, ಪ್ರತಿ ಊರಾಗೂ ಆಕಿ ಹಿಂಗ ಅಂತಿದ್ಳು. ನಮ್ಮ ಆರ್ಕೆಸ್ಟ್ರಾದ ಹಾಡಗಳ ಜೋಡಿ ಅದೂ ಒಂದ ಹಾಡಿದ್ದಂಗ.

ಕರೆಂಟ್ ಬಂತು, ಹಾಡ ಮತ್ತ ಶುರುವಾತು. ನನ್ನ ಮಾನಿಟರ್ ಮಾತ್ರ ಬರ್ಲಿಲ್ಲ. ಅದರ ವಾಯರ್ ಎಲ್ಲೋ ಬಿಚ್ಚಿತ್ತು. ಹೋಗ್ಲಿ ಬಿಡು, ಮಂದಿಗೆ ಕೇಳಿದ್ರ ಸಾಕು ಅಂತ ಡಬ್ಬಿ ಒತ್ತಿದೆ. ಲೈಟ್ ಹತ್ತಿತು. ತಂತಿ ಎಳದೆ. ಮಾನಿಟರಿನ ಸಪ್ಪಳ ಇಲ್ಲದ್ದಕ್ಕ ದೊಡ್ಡ ಸ್ಪೀಕರಿಂದು ಈ ಸಲ ಬಿಡಿಸಿ ಕೇಳಸ್ತು, ಗಿಟಾರ್ ಬಂತು, ಆದ್ರ ಅದು ನಂದಲ್ಲ. ನಾ ಬಾರಸದ ತಾನ ಅದು. ಕೈ ತಗದು ಬಿಟ್ಟೆ. ಗಿಟಾರ್ ಹಂಗ ನಡದಿತ್ತು. ತಿರುಗಿ ನೋಡಿದ್ರ ಕೀಬೋರ್ಡಿನವ ಬಲಗೈಲೆ ಗಿಟಾರಿನ ದನಿ ಬಾರಸಾಕತ್ತಿದ್ದ. ಸಾಫ್, ಸಕ್ಕರಿ ಹಾಕಿದಂಥ ದನಿ.

ನಾ ಹಂಗ ನಿಂತೆ, ಕೈ ತಂತಿ ಮ್ಯಾಲಿಲ್ಲ. ಒಂದ ನರಪಿಳ್ಳಿಗೂ ಗೊತ್ತಾಗ್ಲಿಲ್ಲ. ಕೆಳಗ ಮಂದಿ ಕುಣದ ಕುಣದ್ರು. ಕೀಬೋರ್ಡಿನವ ನನ್ನ ಕಣ್ಣಿಗೆ ಕಣ್ಣ ಕೊಡ್ಲಿಲ್ಲ, ತಲಿ ಕೆಳಗ ಹಾಕಿದ. ಢೋಲಕಿನವ ಆ ಕಡಿ ಹೊಳ್ಳಿದ. ದೂರ ಮಿಕ್ಸರ್ ಮುಂದ ದೋಸ್ತ ಕೂತಿದ್ದ, ನಾ ನೋಡಾಕತ್ತೀನಿ ಅಂತ ಗೊತ್ತಾಗಿ ಸುಮ್ಮನ ಯಾವುದೋ ಗುಬ್ಬಿ ತಿರುವಾಕತ್ತ. ಆವಾಗ ನನಗ ಎಲ್ಲಾ ತಿಳೀತು. ಅಫಜಲಪುರದಿಂದ ಇಲ್ಲೀತನಕ ಒಂದ ಊರಾಗೂ ನನ್ನ ದನಿ ಸ್ಟೇಜ್ ಇಳದಿದ್ದಿಲ್ಲ.

ಮರುದಿನ ಮುಂಜಾನೆ ಅವನ ಗೋದಾಮಿಗೆ ಹೋದೆ. ಅಂವ ಸ್ಪೀಕರಿಗೆ ದುಪ್ಪಟಿ ಹೊಚ್ಚಾಕತ್ತಿದ್ದ. ಕೂಸಿಗೆ ಹೊಚ್ಚಿದಂಗ ಹೊಚ್ಚತಾನ ಮಗ.

“ಎಷ್ಟ ದಿನದಿಂದ ಕಿವ್ಯಾಗ ಹೂವ ಇಡಾಕತ್ತಿ ನನಗ?” ಅಂದೆ.

“ಕೂಡು ಮೊದಲ. ಚಾ ತರಸ್ತೇನಿ.”

“ನಿನ್ನ ಚಾ ಹಾಳಾಗ್ಲಿ! ಮಾತ ಹೇಳು.”

ಅಂವ ದುಪ್ಪಟಿ ಬಿಟ್ಟು ನಿಂತ. “ಅಫಜಲಪುರದಾಗ ಸೌಂಡ್ ಚೆಕ್ಕಿಗಿಂತ ಮೊದಲ ನೀ ಒಂದ ಸಲ ಒತ್ತಿದ್ದಿ, ನೆನಪದ ಇಲ್ಲ? ಅಷ್ಟರಾಗ ಮದಿಮಗನ ಕಾಕಾ ಓಡಿ ಬಂದು ಅಂದ, ‘ನಿಮ್ಮ ಸ್ಪೀಕರ್ ಹರದಾವ, ಬದಲಿ ಮಾಡ್ರಿ.’ ಊರ ಮಂದಿ ಮುಂದ ಅಂದ. ನಾ ಏನ ಮಾಡ್ಲಿ? ಒಬ್ಬೊಬ್ಬರ ಕಿವಿ ಹಿಡದು, ಇದು ಸ್ಪೀಕರ್ ಅಲ್ರಿ, ನಮ್ಮ ದೋಸ್ತನ ಡಬ್ಬಿ ಅಂತ ತಿಳಿಸಿ ಹೇಳ್ಲೇನು?”

“ನನಗ ಹೇಳಬೇಕಿತ್ತು!”

“ನೀ ಕೇಳ್ತಿದ್ದೇನು? ಆ ಡಬ್ಬಿ ಮುಟ್ಟಿ ಮುಟ್ಟಿ ನೋಡ್ಕೋತಿದ್ದಿ. ಮನಸ ಮುರ್ಯಾಕ ಆಗ್ಲಿಲ್ಲ. ಮಾನಿಟರಿನ್ಯಾಗಂತೂ ಪೂರಾ ಬಿಟ್ಟೀನಲ್ಲ.”

ಮಾನಿಟರಿನ್ಯಾಗ ಪೂರಾ ಬಿಟ್ಟಾನಂತ! ಭಿಕ್ಷೆ ಹಾಕಿದಂಗ ಹೇಳಿದ ಅದನ್ನ. ಆವಾಗ ಅಂವ ಇನ್ನೊಂದ ಮಾತಂದ, ಅದನ್ನ ಅನ್ನಬಾರದಿತ್ತು.

“ನಾ ಕದ್ದು ಮಾಡಿಲ್ಲಪಾ. ವೈನಿಗೆ ಮೊದಲನ ಹೇಳಿದ್ದೆ.”

ಮನಿಗೆ ಹ್ಯಾಂಗ ಬಂದೆ ನನಗ ಗೊತ್ತಿಲ್ಲ. ಆಕಿ ರೊಟ್ಟಿ ಬಡ್ಯಾಕತ್ತಿದ್ಳು. ನನ್ನ ಮಾರಿ ನೋಡಿದಾಕಿನ ಬಡಿಯೂದು ನಿಲ್ಲಿಸಿದ್ಳು.

“ನಿಮ್ಮಪ್ಪನ ರೇಡಿಯೋ ಬಿಚ್ಚಾಕ ಕೊಟ್ಟಾಕಿ ನೀ,” ಅಂದೆ. “ನನ್ನ ಮುಂದ ಕುಂತು ಸುಳ್ಳ ಹೇಳಾಕ ನಿನಗ ಮನಸ ಹ್ಯಾಂಗ ಬಂತು?”

ಆಕಿ ಹಿಟ್ಟಿನ ಕೈ ಝಾಡಿಸಿದ್ಳು. “ನಾ ಸುಳ್ಳ ಹೇಳಿಲ್ರಿ.”

“ಛಲೋ ಬಂತು, ಛಲೋ ಬಂತು ಅಂತ ಊರೂರಿಗೆ ಹೇಳಿದಿ. ಎಲ್ಲಿ ಬಂತು? ಯಾರ ಕಿವಿಗೆ ಬಂತು?”

“ನನ್ನ ಕಿವಿಗೆ ಬಂತು. ಆ ಮಾನಿಟರ್ ನನ್ನ ಮುಂದೂ ಇರ್ತದಲ್ರಿ. ನೀವು ಬಾರ್ಸಿದ್ದೆಲ್ಲಾ ನಾ ಕೇಳೀನಿ, ಒಂದ ದಿನಾನೂ ಬಿಟ್ಟಿಲ್ಲ. ಛಲೋ ಇತ್ತು, ಛಲೋ ಅಂದೆ. ನಾ ಮಂದಿ ಅಲ್ಲೇನು?”

ಆಕಿ ಕಣ್ಣಾಗ ನೀರಿತ್ತು. ಹೇಳಿದ್ರ ನೀವು ಗಿಟಾರ ಬಿಟ್ಟ ಬಿಡ್ತಿದ್ರಿ ಅಂದ್ಳು. ಅದಕ್ಕ ನಾ ಏನನ್ಲಿ, ಬಿಡ್ತಿದ್ದೆನೋ ಏನೋ. ಆದ್ರ ಬಿಡೂದು ಹಿಡಿಯೂದು ನನ್ನ ಕೈಯಾಗಿರ್ಬೇಕಿತ್ತು, ಇವರ ಕೈಯಾಗಲ್ಲ. ಎಲ್ಲಾರೂ ಕೂಡಿ ನನ್ನನ್ನ ಆಟಿಗಿ ಗಿಟಾರ್ ಕೊಟ್ಟು ಕೂಡಿಸಿದ ಕೂಸಿನಂಗ ಮಾಡಿದ್ರು.

ಜೇವರ್ಗಿಯಾಗ ಜಯಂತಿ ಕಾರ್ಯಕ್ರಮ ಇತ್ತು. ನಾ ಖಡಾಖಡಿ ಹೇಳಿದೆ, ಜೇವರ್ಗಿಯಾಗ ನನ್ನ ದನಿ ದೊಡ್ಡ ಸ್ಪೀಕರಿಗೆ ಬಿಡ್ಬೇಕು, ಇಲ್ಲಂದ್ರ ನಾ ಬರೂದಿಲ್ಲ. ದೋಸ್ತ ಬಂದು ನಮ್ಮ ಕಟ್ಟಿ ಮ್ಯಾಲ ಕೂತು ತಲಿ ಕೆರಕೊಂಡ. ಕಡಿಗೆ, “ಬಿಡ್ತೇನಿ. ಆದ್ರ ಮಂದಿ ಸ್ಪೀಕರ್ ಹರದಾವ ಅಂದ್ರ ಯಾರ ಉತ್ತರ ಹೇಳಾವ್ರು?” ಅಂದ.

ನಾ ಬಾಯಿ ತಗೀಯೂದರಾಗ ಹೆಂಡ್ತಿ ಒಳಗಿಂದ ಬಂದ್ಳು. “ನಾ ಹೇಳ್ತೇನಿ. ಮೈಕ್ ನನ್ನ ಕೈಯಾಗ ಇರ್ತದ. ಇದು ಸ್ಪೀಕರ್ ಅಲ್ಲ, ನಮ್ಮ ಮನ್ಯಾವರು ತಮ್ಮ ಕೈಲೆ ಮಾಡಿದ ದನಿ, ಇದು ಇರೂದ ಹಿಂಗ ಅಂತ ಹೇಳ್ತೇನಿ.”

“ಖರೇ?” ಅಂದೆ.

“ಖರೇ.”

ಅವತ್ತಿಂದ ಜೇವರ್ಗಿ ತನಕ ಆಕಿ ಆ ಮಾತನ್ನ ಅಡಗಿ ಮನ್ಯಾಗ ತನ್ನಷ್ಟಕ್ಕ ತಾನ ಹೇಳ್ಕೋತಿದ್ಳು. ಒಮ್ಮೆ ‘ನಮ್ಮ ಮನ್ಯಾವರು’ ಅಂತಿದ್ಳು, ಒಮ್ಮೆ ‘ನಮ್ಮ ಗಿಟಾರಿನವರು’ ಅಂತಿದ್ಳು, ಯಾವುದು ಛಲೋ ಅಂತ ನನ್ನ ಕೇಳ್ತಿದ್ಳು. ಮನ್ಯಾವರ ಇರ್ಲಿ ಅಂದೆ. ಸಿಟ್ಟ ಇತ್ತು, ಆದ್ರ ಅದರ ಕೆಳಗ ಒಂದ ಖುಷಿನೂ ಇತ್ತು. ಭೂಸನೂರದಾಗ ಆದದ್ದನ್ನ ಜೇವರ್ಗಿಯಾಗ ತೊಳಕೊಂಡ ಬರ್ತೇನಿ ಅಂತ ಹೊಸ ಬ್ಯಾಟರಿ ತಂದೆ.

ಜೇವರ್ಗಿಯಾಗ ಮಂದಿ ಅಂದ್ರ ಮಂದಿ. ಇಜೇರಿ ಕಡಿಂದ, ಸುತ್ತಿನ ಹಳ್ಳಿಯಿಂದ ಟ್ರ್ಯಾಕ್ಟರಿನ್ಯಾಗ ಬಂದಿದ್ರು. ಹೆಣ್ಮಕ್ಕಳು ಬಿಳಿ ಸೀರಿ ಉಟ್ಟು ಮುಂದ ಕೂತಿದ್ರು. ವಂದನಾ ಆತು, ಭಾಷಣ ಆದವು, ಹಾಡ ಶುರುವಾದವು. ಜೋರಿನ ಹಾಡ ಬಂದಾಗ ದೋಸ್ತ ದೂರಿಂದ ನನ್ನ ಕಡಿ ನೋಡಿ ತಲಿ ಹಾಕಿದ. ಕೀಬೋರ್ಡಿನವ ಬಲಗೈ ತಗದು ತೊಡಿ ಮ್ಯಾಲ ಇಟ್ಕೊಂಡ. ನಾ ಒತ್ತಿದೆ.

ಬಂತು. ಈ ಸಲ ಮಾನಿಟರಿನಿಂದಲೂ ಬಂತು, ದೊಡ್ಡ ಸ್ಪೀಕರಿನಿಂದಲೂ ಬಂತು. ನನ್ನ ಒಂದ ಸ್ವರ ಎದುರಿನ ಸಾಲಿ ಗ್ವಾಡಿಗೆ ಬಡದು ತಿರುಗಿ ಬಂದು ನನ್ನ ಕಿವಿಗೆ ಮುಟ್ಟಿತು. ಅಯ್ಯ, ಇಷ್ಟ ದೊಡ್ಡದಿತ್ತೇನು ಇದು! ಮುಂದ ನಿಂತ ಹುಡುಗರು ಕತ್ತ ಎತ್ತಿ ನೋಡಿದ್ರು. ಒಬ್ಬ ಶಿಳ್ಳಿ ಹೊಡದ, ನಾ ಕಂಡೀನಿ, ನನ್ನ ಕಣ್ಣಿಲೆ ಕಂಡೀನಿ. ನನಗ ಬೇಕಿದ್ದದ್ದು ಅಷ್ಟ ಆಗಿತ್ತು. ಹೆಂಡ್ತಿ ಹಾಡ್ಕೋತನ ನನ್ನ ಕಡಿ ಹೊಳ್ಳಿ ನಕ್ಳು.

ಅಷ್ಟರಾಗ ಕಮಿಟಿಯ ಹಿರಿಯರೊಬ್ಬರು, ಹೆಗಲ ಮ್ಯಾಲ ನೀಲಿ ಶಾಲ ಹೊತ್ತವರು, ಮಿಕ್ಸರ್ ಕಡಿ ಹೋಗಾಕತ್ತಿದ್ದು ಕಾಣಸ್ತು. ಕಿವಿಗೆ ಕೈ ಹಚ್ಚಿ ಏನೋ ಅಂದ್ರು. ಹಿಂದಿನ ಸಾಲಿನ್ಯಾಗ ಯಾರೋ ಒದರಿದ್ರು, “ಏ ಸ್ಪೀಕರ್ ಹರದಾವಲೇ!” ಒಂದಿಷ್ಟು ಮಂದಿ ನಕ್ರು. ಹಾಡ ಮುಗೀತು. ಮಿಕ್ಸರಿನ ಹತ್ರ ದೋಸ್ತನ ಕಡಿನೂ ಒಂದ ಮೈಕ್ ಇರ್ತದ, ನಮಗ ಏನರ ಹೇಳೂದಿದ್ರ ಅಂತ. ಅಂವ ಅದನ್ನ ಎತ್ತಿದ. ಅವನ ದನಿ ಅವನ ಹರಿಯದ ಸ್ಪೀಕರಿನಿಂದ ಸ್ವಚ್ಛ ಬಂತು.

“ಸ್ಪೀಕರ್ ಛಲೋ ಅವ್ರಿ. ಗಿಟಾರ್ ಕೆಟ್ಟದ.”

ಪೂರಾ ಜೇವರ್ಗಿಗೆ ಕೇಳೂ ಹಂಗ ಅಂದ. ನನ್ನ ದೋಸ್ತ, ನನ್ನ ದುಕಾನಿನ ಕೀಲಿ ಇಟ್ಕೊಂಡಾಂವ. ಆದ್ರ ಖರೇ ಹೇಳ್ತೇನಿ, ಆ ಹೊತ್ತಿನ್ಯಾಗ ನನಗ ಅವನ ಚಿಂತಿ ಇದ್ದಿಲ್ಲ. ನಾ ಹೆಂಡ್ತಿ ಕಡಿ ನೋಡಿದೆ. ಮೈಕ್ ಆಕಿ ಕೈಯಾಗ ಇತ್ತು. ಮಂದಿ ಆಕೀನ್ನ ನೋಡಾಕತ್ತಿದ್ರು. ಈಗ ಅಂತಾಳ, ಈಗ ಅಂತಾಳ ‘ನಮ್ಮ ಮನ್ಯಾವರು’ ಅಂತ ಉಸಿರ ಹಿಡದು ನಿಂತೆ. ಆಕಿ ಹಿರಿಯರ ಕಡಿ ನೋಡಿದ್ಳು, ಮಂದಿ ಕಡಿ ನೋಡಿದ್ಳು, ಮೈಕ್ ಬಾಯಿಗೆ ತಂದ್ಳು.

“ಸಣ್ಣ ತಾಂತ್ರಿಕ ದೋಷ ಅದ, ಎಲ್ಲಾರೂ ಕ್ಷಮಿಸ್ಬೇಕು.”

ಮಂದಿ ನಕ್ಕು ಚಪ್ಪಾಳಿ ಹೊಡದ್ರು. ನಾ ಬಾಗಿ ಡಬ್ಬಿಯ ವಾಯರ್ ಕಿತ್ತೆ. ಮಿಕ್ಸರಿನ್ಯಾಗ ನನ್ನ ದನಿ ಇನ್ನೂ ಬಂದ್ ಮಾಡಿದ್ದಿಲ್ಲ ಅಂವ. ಠಪ್ ಅಂತ ಎಲ್ಲಾ ಸ್ಪೀಕರಿನಿಂದ ಒಂದ ಸಪ್ಪಳ ಬಂತು, ಕೂತ ಹೆಣ್ಮಕ್ಕಳು ಬೆಚ್ಚಿದ್ರು, ದೋಸ್ತ ಎರಡೂ ಕೈಲೆ ಮಿಕ್ಸರ್ ಒತ್ತಿ ಹಿಡದ. ಹೆಂಡ್ತಿ ಮುಂದಿನ ಹಾಡ ಎತ್ತಿದ್ಳು. ಕೀಬೋರ್ಡಿನವನ ಬಲಗೈ ತೊಡಿ ಬಿಟ್ಟು ಮ್ಯಾಲ ಬಂತು. ನಾ ಸ್ಟೇಜಿನ ಹಿಂದ ಇಳದು ಗಾಡ್ಯಾಗ ಹೋಗಿ ಕುಂತೆ.

“ನನ್ನ ಬಾಯಿಗೆ ಬರ್ಲಿಲ್ರಿ,” ಅಂದ್ಳು ಆಮ್ಯಾಲ ಮನ್ಯಾಗ. “ಎಲ್ಲಾ ತಯಾರಿತ್ತು. ಅಷ್ಟ ಮಂದಿ ನೋಡಾಕತ್ತಾಗ ರೂಢಿ ಮಾತ ಬಂದಬಿಡ್ತು.” ಆಕಿ ಅತ್ಳು ಕೂಡ. ನಾ ಬೈಲಿಲ್ಲ. ಬೈದಿದ್ರ ಛಲೋ ಇರ್ತಿತ್ತೇನೋ, ಇಬ್ಬರಿಗೂ.

ದುಕಾನಿನ ಕೀಲಿ ತಿರುಗಿ ಇಸಗೊಂಡೆ. ಆರ್ಕೆಸ್ಟ್ರಾ ನಡದದ, ಆಕಿ ಹೋಗ್ತಾಳ, ಹೋಗ್ಲಿ. ಆಕಿ ದನಿಗೆ ಏನ ಕೇಡದ? ಬಾಜೂಕ ಗಿರಣಿಯವ ಹೊಸ ಮೋಟಾರ್ ಕೂಡಿಸ್ಯಾನ, ಅದರ ಸಪ್ಪಳಕ್ಕ ದುಕಾನಿನ್ಯಾಗ ಬಾರಸಾಕ ಆಗೂದಿಲ್ಲ. ನಾ ಡಬ್ಬಿ ಮನಿಗೆ ತಂದೀನಿ. ಆ ರೇಡಿಯೋದ ಖಾಲಿ ಪೆಟ್ಟಿಗಿ ಮಾಡದಾಗ ಇನ್ನೂ ಅದ, ಆಕಿ ಇನ್ನೂ ಒರಸ್ತಾಳ. ಐತವಾರ ಮಧ್ಯಾಹ್ನ ದುಕಾನ್ ಬಂದ್ ಇದ್ದಾಗ ಕಟ್ಟಿ ಮ್ಯಾಲ ಕುಂತು ಡಬ್ಬಿ ಹಚ್ಚತೇನಿ. ಕೆಂಪ ಲೈಟ್ ಹತ್ತತದ, ದನಿ ಮೊದಲಿನಂಗನ ಬರ್ತದ, ಒಂದ ಕೂದಲಷ್ಟೂ ಕಡಿಮಿ ಇಲ್ಲ.

ಒಂದ ತಾನ ಮುಗದ್ರ ಒಳಗಿಂದ ಆಕಿ ಅಂತಾಳ, “ಛಲೋ ಬಂತ್ರಿ.”

ಮೊದಲ ಆಕಿ ಹಂಗ ಅಂದ್ರ ನಾ ಇನ್ನೊಂದ ಬಾರಸ್ತಿದ್ದೆ. ಈಗ ಕೈ ನಿಂತಬಿಡ್ತದ. ಖರೇನ ಅಂದ್ಳೋ, ರೂಢಿಗೆ ಅಂದ್ಳೋ ಅಂತ ಕಿವಿ ಕೊಟ್ಟು ಕುಂದರತೇನಿ. ಊರೂರಿಗೆ ನನ್ನ ದನಿ ಕೇಳಿದಾಕಿ ಈಕಿ ಒಬ್ಬಾಕಿನ, ಆಕಿ ಮಾತೂ ಈಗ ನಂಬಾಕ ಆಗವಲ್ದು.